ಬಿಎಸ್ಸಿ ಆಯ್ತು, ಮುಂದೇನು ಅಂತ ಕೇಳೋ ಹಾಸನದ ಹುಡುಗ್ರಿಗೆ

ಆರನೇ ಸೆಮ್ ಎಕ್ಸಾಮ್ ಮುಗಿದು ರಿಸಲ್ಟ್ ಬರೋ ಹೊತ್ತಿಗೆ ನಮ್ಮ ಹಾಸನದ ಕಡೆ ಮನೆಮನೇಲೂ ಒಂದೇ ಮಾತು, ಬಿಎಸ್ಸಿ ಆಯ್ತಲ್ಲ ಮುಂದೇನಪ್ಪಾ ಅಂತ. ಅರಸೀಕೆರೆ ಕಡೆಯಿಂದ ಟ್ರೈನಲ್ಲಿ, ಆಲೂರು ಬೇಲೂರು ಕಡೆಯಿಂದ ಬಸ್ಸಲ್ಲಿ ದಿನಾ ಓಡಾಡ್ಕೊಂಡು ಮೂರು ವರ್ಷ ಸೈನ್ಸ್ ಓದಿರೋ ಹುಡುಗ ಹುಡುಗೀರಿಗೆ ಸಿಗೋ ಸಲಹೆ ಮಾತ್ರ ಮೂರೇ ಮೂರು. ಟೀಚರ್ ಆಗ್ಬೇಕಂದ್ರೆ ಬಿಎಡ್ ಮಾಡು, ಮಾರ್ಕ್ಸ್ ಚೆನ್ನಾಗಿದ್ರೆ ಎಂಎಸ್ಸಿ ಮಾಡು, ಎರಡೂ ಆಗ್ಲಿಲ್ಲ ಅಂದ್ರೆ ಬೆಂಗ್ಳೂರಿಗೆ ಹೋಗಿ ಯಾವ್ದಾದ್ರೂ ಕಂಪನಿ ನೋಡ್ಕೊ. ಹೇಳೋರನ್ನ ಬೈದು ಪ್ರಯೋಜನ ಇಲ್ಲ, ಅವ್ರು ಕಂಡಿರೋದು ಅಷ್ಟೇ.

ಬಿಎಸ್ಸಿಗೆ ಈಗ ಬೆಲೆ ಇಲ್ಲ ಅಂತಾರಲ್ಲ, ಅದನ್ನ ನಾನು ಒಪ್ಪಲ್ಲ. ದಾರಿಗಳು ಬೇಕಾದಷ್ಟಿವೆ, ಆದ್ರೆ ಒಂದೊಂದ್ರಲ್ಲೂ ನಾಲ್ಕು ಜರಡಿ ಇಟ್ಟಿದ್ದಾರೆ. ನೀವು ಓದಿರೋ ಕಾಂಬಿನೇಷನ್ ಒಂದು, ಪರ್ಸೆಂಟೇಜ್ ಇನ್ನೊಂದು, ವಯಸ್ಸು ಮತ್ತೊಂದು, ನಾಲ್ಕನೇದು ಅರ್ಜಿ ಹಾಕೋ ತಿಂಗಳು. ಈ ನಾಲ್ಕನೇದ್ರಲ್ಲೇ ನಮ್ಮೋರು ಜಾಸ್ತಿ ಸಿಕ್ಕಾಕೊಳ್ಳೋದು, ಯಾಕಂದ್ರೆ ಮುಂದೇನು ಅನ್ನೋ ಪ್ರಶ್ನೆ ಬರೋದು ರಿಸಲ್ಟ್ ಬಂದ್ಮೇಲೆ, ಅಷ್ಟೊತ್ತಿಗೆ ಒಳ್ಳೊಳ್ಳೆ ಪರೀಕ್ಷೆಗಳ ಅರ್ಜಿ ಮುಗಿದು ಏಳೆಂಟು ತಿಂಗಳಾಗಿರುತ್ತೆ. ಅದಕ್ಕೇ ಐದನೇ ಸೆಮ್‌ನಲ್ಲಿ ಇರೋರು ಇದನ್ನ ಓದಿದ್ರೆ ಜಾಸ್ತಿ ಉಪಯೋಗ, ಮುಗಿಸಿರೋರಿಗೂ ಉಪಯೋಗ ಇಲ್ದೆ ಇಲ್ಲ.

ಮೊದ್ಲು ಕಾಂಬಿನೇಷನ್ ವಿಷ್ಯ, ಇದನ್ನ ಯಾರೂ ಬಿಡಿಸಿ ಹೇಳಲ್ಲ. ಮೊದಲಿಂದ ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್), ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝುವಾಲಜಿ), ಪಿಎಂಸಿಎಸ್ (ಫಿಸಿಕ್ಸ್, ಮ್ಯಾಥ್ಸ್, ಕಂಪ್ಯೂಟರ್ ಸೈನ್ಸ್) ಅಂತ ಮೂರು ಮೂರು ಸಬ್ಜೆಕ್ಟ್ ಓದ್ತಿದ್ವಿ. 2021-22ರಿಂದ ಕರ್ನಾಟಕದಲ್ಲಿ ಎನ್‌ಇಪಿ, ಅಂದ್ರೆ ರಾಷ್ಟ್ರೀಯ ಶಿಕ್ಷಣ ನೀತಿ, ಬಂದಾಗ ಮೇಜರ್ ಸಬ್ಜೆಕ್ಟ್ ಎರಡೇ ಆಯ್ತು, ನಾಲ್ಕನೇ ವರ್ಷ ಆನರ್ಸ್ ಅಂತ ಬೇಕಾದೋರು ಮುಂದುವರೀಬಹುದು ಅಂತಾಯ್ತು. ಆಮೇಲೆ ರಾಜ್ಯ ಸರ್ಕಾರ ಅದನ್ನ ಕೈಬಿಟ್ಟು 2024-25ರಿಂದ ವಾಪಸ್ ಮೂರು ವರ್ಷದ ಡಿಗ್ರಿ, ಮೂರು ಮೇಜರ್ ಅಂತ ತಂತು. ಅಂದ್ರೆ 2021, 2022, 2023ರಲ್ಲಿ ಸೇರಿದ ಮೂರು ಬ್ಯಾಚಿನವರ ಮಾರ್ಕ್ಸ್‌ಕಾರ್ಡ್ ಹಿಂದಿನವರದ್ದಕ್ಕಿಂತಲೂ ಬೇರೆ, ಮುಂದಿನವರದ್ದಕ್ಕಿಂತಲೂ ಬೇರೆ. ಫಿಸಿಕ್ಸ್ ಕೆಮಿಸ್ಟ್ರಿ ಎರಡೇ ತಗೊಂಡು ಮ್ಯಾಥ್ಸ್ ಬಿಟ್ಟಿರೋ ಹುಡುಗಿ, ತಾನೂ ಪಿಸಿಎಂ ಅಕ್ಕನ ಥರಾನೇ ಅಂದ್ಕೊಂಡು ಅರ್ಜಿ ಹಾಕೋಕ್ಕೆ ಕೂತ್ರೆ ಡಿಗ್ರಿಯಲ್ಲಿ ಫಿಸಿಕ್ಸ್ ಮತ್ತು ಮ್ಯಾಥ್ಸ್ ಎರಡೂ ಓದಿರಬೇಕು ಅಂತ ಬರೆದಿರುತ್ತೆ. ಅಲ್ಲಿಗೆ ಮುಗೀತು. ಈ ಮೂರು ಬ್ಯಾಚಿನವರು ಯಾವ ನೋಟಿಫಿಕೇಷನ್ ನೋಡಿದ್ರೂ ಮೊದ್ಲು ಅರ್ಹತೆ ಕಾಲಂ ಓದಿ, ಸಂಬಳದ ಕಾಲಂ ಆಮೇಲೆ.

ಈಗ ಬಿಎಡ್. ನಮ್ಮ ಜಿಲ್ಲೇಲಿ, ಅದ್ರಲ್ಲೂ ಹೆಣ್ಣುಮಕ್ಕಳ ಮನೇಲಿ, ಇದೇ ಮೊದಲನೇ ಆಯ್ಕೆ. ಕಾರಣ ಅರ್ಥ ಆಗುತ್ತೆ, ಹತ್ರದಲ್ಲೇ ಕಾಲೇಜು, ಮರ್ಯಾದೆ ಇರೋ ಕೆಲ್ಸ, ಮದುವೆ ಆದ್ಮೇಲೂ ನಡೆಸ್ಕೊಂಡು ಹೋಗ್ಬಹುದು ಅನ್ನೋ ಲೆಕ್ಕ. ಶಿಕ್ಷಕರ ತರಬೇತಿ ನೋಡ್ಕೊಳ್ಳೋ ರಾಷ್ಟ್ರೀಯ ಮಂಡಳಿ ಎನ್‌ಸಿಟಿಇಯ 2014ರ ನಿಯಮ ಬಂದ್ಮೇಲೆ ಬಿಎಡ್ ಎರಡು ವರ್ಷ ಆಗಿದೆ. ಡಿಗ್ರಿಯಲ್ಲಿ ಜನರಲ್‌ನವರಿಗೆ 50 ಪರ್ಸೆಂಟ್ ಬೇಕು, ಎಸ್‌ಸಿ ಎಸ್‌ಟಿ ಪ್ರವರ್ಗ-1ರವರಿಗೆ 45. ಸರ್ಕಾರಿ ಕೋಟಾ ಸೀಟು ಮೆರಿಟ್ ಮೇಲೆ ಕೇಂದ್ರೀಕೃತ ಕೌನ್ಸೆಲಿಂಗಲ್ಲಿ ಸಿಗುತ್ತೆ.

ಆದ್ರೆ ಬಿಎಡ್ ಆದ್ರೆ ಮೇಷ್ಟ್ರು ಆದಂಗೆ ಅಲ್ಲ, ಅಲ್ಲಿಂದ ಒಂದು ದೊಡ್ಡ ಸರಪಳಿ ಶುರು. ಆರರಿಂದ ಎಂಟನೇ ಕ್ಲಾಸಿಗೆ ಪಾಠ ಮಾಡೋ ಪದವೀಧರ ಪ್ರಾಥಮಿಕ ಶಿಕ್ಷಕರ ಹುದ್ದೆಗೆ ಟಿಇಟಿ, ಅಂದ್ರೆ ಶಿಕ್ಷಕರ ಅರ್ಹತಾ ಪರೀಕ್ಷೆ, ಎರಡನೇ ಪೇಪರ್ ಪಾಸಾಗಿರ್ಬೇಕು, 150ಕ್ಕೆ ಜನರಲ್‌ನವರಿಗೆ 90 ಬರ್ಬೇಕು. ಟಿಇಟಿ ಪಾಸಾಗೋದು ಅರ್ಜಿ ಹಾಕೋ ಅರ್ಹತೆ ಅಷ್ಟೇ, ನೇಮಕಾತಿಗೆ ಮತ್ತೆ ಬೇರೆ ಸ್ಪರ್ಧಾತ್ಮಕ ಪರೀಕ್ಷೆ ಇರುತ್ತೆ, ಅದು ಯಾವಾಗ ಕರೀತಾರೆ ಅನ್ನೋದು ಸರ್ಕಾರದ ಮೂಡಿಗೆ ಬಿಟ್ಟಿದ್ದು. 2022ರಲ್ಲಿ 15,000 ಹುದ್ದೆ ಕರೆದ್ರು, ಮೇ ತಿಂಗಳಲ್ಲಿ ಪರೀಕ್ಷೆ ಆಯ್ತು, ಆಮೇಲೆ ಲಿಸ್ಟು, ಕೋರ್ಟು, ಮತ್ತೆ ಲಿಸ್ಟು ಅಂತ ಆರ್ಡರ್ ಕೈಗೆ ಸಿಗೋ ಹೊತ್ತಿಗೆ ವರ್ಷ ದಾಟಿತ್ತು. ಇನ್ನೊಂದು ವಿಷ್ಯ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ, ಒಂದರಿಂದ ಐದನೇ ಕ್ಲಾಸಿಗೆ ಬಿಎಡ್ ನಡೆಯಲ್ಲ ಅಂತ 2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ, ಅದಕ್ಕೆ ಡಿಎಡ್, ಈಗಿನ ಹೆಸರಲ್ಲಿ ಡಿಎಲ್‌ಎಡ್, ಬೇಕು. ಪಿಯು ಲೆಕ್ಚರರ್ ಆಗ್ಬೇಕಂದ್ರೆ ಎಂಎಸ್ಸಿಯಲ್ಲಿ 55 ಪರ್ಸೆಂಟ್ ಜೊತೆಗೆ ಬಿಎಡ್, ಎರಡೂ. ಹಂಗಾಗಿ ಬಿಎಡ್ ಮೊದ್ಲಾ ಎಂಎಸ್ಸಿ ಮೊದ್ಲಾ ಅಂತ ಕೇಳಿದ್ರೆ, ಮನೇಲಿ ದುಡಿಯೋ ಒತ್ತಡ ಇದ್ರೆ ಬಿಎಡ್ ಮೊದ್ಲು, ಇಲ್ಲಾಂದ್ರೆ ಸಬ್ಜೆಕ್ಟ್ ತಲೇಲಿ ಬಿಸಿಬಿಸಿ ಇರುವಾಗ್ಲೇ ಎಂಎಸ್ಸಿ ಮಾಡ್ಕೊಳ್ಳಿ ಅಂತೀನಿ. ಬಿಎಡ್ ಮಾಡಿ ಎರಡು ವರ್ಷ ಬಿಟ್ಟು ಎಂಎಸ್ಸಿ ಎಂಟ್ರೆನ್ಸಿಗೆ ಕೂತೋರು ಇಂಟಿಗ್ರೇಷನ್ ಫಾರ್ಮುಲಾ ನೆನಪು ಮಾಡ್ಕೊಳ್ಳೋದನ್ನ ನೋಡಿದ್ರೆ ಅಯ್ಯೋ ಅನ್ಸುತ್ತೆ.

ಎಂಎಸ್ಸಿ ಅಂದ ತಕ್ಷಣ ನಮ್ಮೋರಿಗೆ ನೆನಪಾಗೋದು ಮೈಸೂರು ಮಾನಸಗಂಗೋತ್ರಿ, ಇಲ್ಲಾ ಇಲ್ಲೇ ಇರೋ ಹೇಮಗಂಗೋತ್ರಿ. ಹೇಮಗಂಗೋತ್ರಿ ಮೊದ್ಲು ಮೈಸೂರು ವಿವಿಯ ಪಿಜಿ ಸೆಂಟರ್ ಆಗಿತ್ತು, ಈಗ ಹಾಸನ ವಿಶ್ವವಿದ್ಯಾಲಯ ಆಗಿದೆ. ಚಿಕ್ಕಮಗಳೂರು ಕಡೆಯವರಿಗೆ ಕುವೆಂಪು ವಿವಿ, ಶಂಕರಘಟ್ಟ. ಇವೆಲ್ಲ ಸರಿ, ಫೀಸೂ ಕಮ್ಮಿ, ಹಾಸ್ಟೆಲ್ಲೂ ಸಿಗುತ್ತೆ. ಆದ್ರೆ ಇದೇ ಬಿಎಸ್ಸಿ ಇಟ್ಕೊಂಡು ಐಐಟಿಯಲ್ಲಿ ಎಂಎಸ್ಸಿ ಮಾಡ್ಬಹುದು, ಐಐಎಸ್ಸಿಯಲ್ಲಿ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಸೇರಬಹುದು ಅಂತ ಹೇಳಿದ್ರೆ ಮುಖಮುಖ ನೋಡ್ತಾರೆ. ಐಐಟಿ ಅಂದ್ರೆ ಪಿಯುಸಿ ಆದ್ಮೇಲೆ ಕೋಚಿಂಗಿಗೆ ರಾಜಸ್ಥಾನದ ಕೋಟಾ ಊರಿಗೆ ಹೋಗಿ ಜೆಇಇ ಬರೆದೋರಿಗೆ ಮಾತ್ರ ಅಂತ ತಲೇಲಿ ಕೂತುಬಿಟ್ಟಿದೆ.

ಬಿಎಸ್ಸಿ ಆದೋರು ಇದಕ್ಕೆ ಬರೀಬೇಕಾದ ಪರೀಕ್ಷೆ ಹೆಸರು ಜಾಮ್. ಏಳು ಪೇಪರ್ ಇವೆ: ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥಮ್ಯಾಟಿಕ್ಸ್, ಮ್ಯಾಥಮ್ಯಾಟಿಕಲ್ ಸ್ಟ್ಯಾಟಿಸ್ಟಿಕ್ಸ್, ಬಯೋಟೆಕ್ನಾಲಜಿ, ಜಿಯಾಲಜಿ, ಎಕನಾಮಿಕ್ಸ್. ಮೂರು ಗಂಟೆ, 60 ಪ್ರಶ್ನೆ, 100 ಮಾರ್ಕ್ಸ್, ಕಂಪ್ಯೂಟರಲ್ಲಿ ಬರೀಬೇಕು. ಇದ್ರಲ್ಲಿ 30 ಪ್ರಶ್ನೆ ಮಾಮೂಲಿ ಥರ ನಾಲ್ಕರಲ್ಲಿ ಒಂದು ಆರಿಸೋದು, ಅದಕ್ಕೆ ಮಾತ್ರ ನೆಗೆಟಿವ್ ಮಾರ್ಕಿಂಗ್. 10 ಪ್ರಶ್ನೆಗೆ ಒಂದಕ್ಕಿಂತ ಜಾಸ್ತಿ ಸರಿ ಉತ್ತರ ಇರಬಹುದು, 20 ಪ್ರಶ್ನೆಗೆ ಆಪ್ಷನ್ನೇ ಇಲ್ಲ, ಲೆಕ್ಕ ಮಾಡಿ ಸಂಖ್ಯೆ ಟೈಪ್ ಮಾಡ್ಬೇಕು. ನಮ್ಮ ಹುಡುಗ್ರು ಎಡವೋದು ಈ ಕೊನೇ 20ರಲ್ಲಿ, ಯಾಕಂದ್ರೆ ನಮ್ಮ ಸೆಮಿಸ್ಟರ್ ಪರೀಕ್ಷೆಗೆ ಡೆರಿವೇಷನ್ ಬಾಯಿಪಾಠ ಮಾಡಿದ್ರೆ ಸಾಕಾಗುತ್ತೆ, ಇಲ್ಲಿ ಡೆರಿವೇಷನ್ ಯಾರೂ ಕೇಳಲ್ಲ, ಅದನ್ನ ಇಟ್ಕೊಂಡು ಏನ್ ಮಾಡ್ತೀಯ ಅಂತ ಕೇಳ್ತಾರೆ. ಐಐಟಿಗಳಲ್ಲಿ ಜಾಮ್ ಮೂಲಕ ಸುಮಾರು 3,000 ಸೀಟು ತುಂಬ್ತಾರೆ, ಎನ್‌ಐಟಿಗಳೂ ಇದೇ ಸ್ಕೋರ್ ತಗೋತಾವೆ. ವಯಸ್ಸಿನ ಮಿತಿ ಇಲ್ಲ, ಕೊನೇ ವರ್ಷದಲ್ಲಿ ಇರೋರೂ ಬರೀಬಹುದು.

ಈಗ ತಿಂಗಳು ನೋಡಿ. ಜಾಮ್ ಪರೀಕ್ಷೆ ಫೆಬ್ರವರಿಯಲ್ಲಿ, ಅರ್ಜಿ ಅದರ ಹಿಂದಿನ ಸೆಪ್ಟೆಂಬರ್ ಅಕ್ಟೋಬರಲ್ಲಿ. ಹಾಸನಾಂಬ ದೇವಸ್ಥಾನದ ಬಾಗಿಲು ತೆಗೆಯೋ ಆಸುಪಾಸಲ್ಲಿ ಈ ಅರ್ಜಿ ಬಾಗಿಲು ಮುಚ್ಚಿರುತ್ತೆ ಅಂತ ನೆನಪಿಟ್ಕೊಂಡ್ರೆ ಸಾಕು. ಸೆಂಟ್ರಲ್ ಯೂನಿವರ್ಸಿಟಿಗಳಿಗೆ, ಅಂದ್ರೆ ಕಲಬುರಗಿಯ ಕರ್ನಾಟಕ ಕೇಂದ್ರೀಯ ವಿವಿ, ಹೈದರಾಬಾದ್, ಪಾಂಡಿಚೇರಿ ಈ ಥರದ್ದಕ್ಕೆ, ಸಿಯುಇಟಿ ಪಿಜಿ ಅಂತ ಬೇರೆ ಎಂಟ್ರೆನ್ಸ್ ಪರೀಕ್ಷೆ ಇದೆ, ಅದೂ ರಿಸಲ್ಟಿಗೆ ಮುಂಚೇನೇ ಮುಗಿದಿರುತ್ತೆ. ಹೈದರಾಬಾದ್ ಅಂದ ತಕ್ಷಣ ದೂರ ಅನ್ನೋರಿಗೆ ಒಂದು ಮಾತು, ಸಕಲೇಶಪುರದ ಹುಡುಗಂಗೆ ಮೂರು ವರ್ಷದ ಹಿಂದೆ ಹಾಸನಾನೂ ದೂರಾನೇ ಇತ್ತು.

ರಿಸರ್ಚ್ ಕಡೆ ಮನಸ್ಸಿರೋರಿಗೆ ದುಡ್ಡಿನ ಲೆಕ್ಕ ಹೇಳ್ಬಿಡ್ತೀನಿ, ಯಾಕಂದ್ರೆ ಮನೇಲಿ ಕೇಳೋದು ಅದನ್ನೇ. ಎಂಎಸ್ಸಿ ಮಾಡ್ತಾ ಇರುವಾಗ್ಲೋ ಮುಗಿಸಿದ್ಮೇಲೋ ಸಿಎಸ್‌ಐಆರ್ ನೆಟ್ ಅನ್ನೋ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್) ಬಂತು ಅಂದ್ರೆ ತಿಂಗಳಿಗೆ 37,000 ಫೆಲೋಶಿಪ್, ಎರಡು ವರ್ಷ ಆದ್ಮೇಲೆ ಎಸ್‌ಆರ್‌ಎಫ್ (ಸೀನಿಯರ್ ರಿಸರ್ಚ್ ಫೆಲೋ) ಆದಾಗ 42,000, ಇದು 2023ರ ಜನವರಿಯಿಂದ ಇರೋ ದರ. ಇದ್ರ ಮೇಲೆ ಮನೆ ಬಾಡಿಗೆ ಭತ್ಯೆ. ಮಗ ಇನ್ನೂ ಓದ್ತಾನೇ ಅವ್ನೆ ಅಂತ ನೆಂಟರ ಮುಂದೆ ನಾಚ್ಕೊಳ್ಳೋ ಅಪ್ಪಂದಿರಿಗೆ ಇದನ್ನ ತೋರಿಸಿ. ಸಿಎಸ್‌ಐಆರ್ ನೆಟ್ ಐದು ವಿಷಯದಲ್ಲಿ ನಡೆಯುತ್ತೆ, ಫಿಸಿಕಲ್, ಕೆಮಿಕಲ್, ಲೈಫ್, ಮ್ಯಾಥಮ್ಯಾಟಿಕಲ್, ಅರ್ಥ್ ಸೈನ್ಸಸ್. ಬಾಟನಿ ಝುವಾಲಜಿ ಮೈಕ್ರೋಬಯಾಲಜಿ ಬಯೋಕೆಮಿಸ್ಟ್ರಿ ಎಲ್ಲ ಲೈಫ್ ಸೈನ್ಸಸ್ ಒಳಗೇ ಬರ್ತಾವೆ, ಅದಕ್ಕೇ ಅಲ್ಲಿ ನೂಕುನುಗ್ಗಲು. ಜೆಆರ್‌ಎಫ್ ಬರದೆ ಬರೀ ಲೆಕ್ಚರರ್‌ಶಿಪ್ ಅರ್ಹತೆ ಬಂದ್ರೂ, ಇಲ್ಲಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರ (ಕೆಇಎ) ನಡೆಸೋ ರಾಜ್ಯಮಟ್ಟದ ಕೆಸೆಟ್ ಪಾಸಾದ್ರೂ, ಡಿಗ್ರಿ ಕಾಲೇಜಿನ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಅರ್ಜಿ ಹಾಕ್ಬಹುದು. ಆದ್ರೆ ಖಾಯಂ ನೇಮಕಾತಿ ಅಪರೂಪ, ಮಧ್ಯದಲ್ಲಿ ಅತಿಥಿ ಉಪನ್ಯಾಸಕರಾಗಿ ವರ್ಷಗಟ್ಟಲೆ ಕಾಯೋರು ನಮ್ಮ ಸುತ್ತಮುತ್ತಾನೇ ಬೇಕಾದಷ್ಟು ಜನ ಇದಾರೆ, ಅವ್ರ ಹೋರಾಟ ಪ್ರತಿ ವರ್ಷ ಪೇಪರಲ್ಲಿ ಓದ್ತಾನೇ ಇರ್ತೀವಿ. ಅದನ್ನೂ ಲೆಕ್ಕಕ್ಕೆ ಇಟ್ಕೊಂಡೇ ಹೋಗ್ಬೇಕು.

ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡೋ ಸಮ್ಮರ್ ರಿಸರ್ಚ್ ಫೆಲೋಶಿಪ್ ಅಂತ ಒಂದಿದೆ, ಬೇಸಿಗೆ ರಜದಲ್ಲಿ ಎರಡು ತಿಂಗಳು ಒಬ್ಬ ವಿಜ್ಞಾನಿ ಹತ್ರ ಕೆಲ್ಸ ಮಾಡೋದು. ಬಿಎಸ್ಸಿ ಓದ್ತಿರೋರೂ ಹಾಕ್ಬಹುದು. ಲ್ಯಾಬ್ ಅಂದ್ರೆ ಏನು, ಅಲ್ಲಿ ದಿನ ಹೆಂಗ್ ಕಳೆಯುತ್ತೆ, ತನಗೆ ಅದು ಇಷ್ಟಾನಾ ಅಂತ ತಿಳ್ಕೊಳ್ಳೋಕೆ ಇದಕ್ಕಿಂತ ಒಳ್ಳೆ ದಾರಿ ನಂಗಂತೂ ಗೊತ್ತಿಲ್ಲ.

ಇನ್ನು ಸೈನ್ಸ್ ಡಿಗ್ರಿ ಇದ್ರೇನೇ ಸಿಗೋ ಸರ್ಕಾರಿ ಕೆಲಸಗಳು. ಇದು ನಂಗೆ ತುಂಬಾ ಹೊಟ್ಟೆ ಉರಿಸೋ ವಿಷ್ಯ, ಯಾಕಂದ್ರೆ ಬಿಎಸ್ಸಿ ಮುಗಿಸಿ ಎಲ್ರೂ ಬೆಂಗ್ಳೂರಿನ ವಿಜಯನಗರಕ್ಕೋ ಧಾರವಾಡಕ್ಕೋ ಹೋಗಿ ಎಫ್‌ಡಿಎ, ಪಿಡಿಒ, ಪಿಎಸ್‌ಐ ಕೋಚಿಂಗ್ ಸೇರ್ತಾರೆ. ಅಲ್ಲಿ ಬಿಎ, ಬಿಕಾಂ, ಬಿಇ ಎಲ್ರೂ ಒಂದೇ ಪರೀಕ್ಷೆ ಬರೀತಾರೆ, ಮೂರು ವರ್ಷ ಓದಿದ ಫಿಸಿಕ್ಸಿಗೆ ಅಲ್ಲಿ ಏನೂ ಬೆಲೆ ಇಲ್ಲ. ಬರೀಬೇಡಿ ಅಂತ ಹೇಳ್ತಿಲ್ಲ. ಆದ್ರೆ ಬಿಎ ಬಿಕಾಂನವರು ಹತ್ರಾನೂ ಬರಕ್ಕಾಗದ ಕೆಲವು ಹುದ್ದೆ ಇವೆ, ಅವನ್ನ ಬಿಟ್ಟು ಲಕ್ಷಗಟ್ಟಲೆ ಜನ ಬರೆಯೋ ಪರೀಕ್ಷೆಗೆ ಮಾತ್ರ ಜೋತು ಬೀಳೋದು ಯಾಕೆ?

ಉದಾಹರಣೆಗೆ ಏರ್ ಟ್ರಾಫಿಕ್ ಕಂಟ್ರೋಲರ್. ಏರ್‌ಪೋರ್ಟ್ಸ್ ಅಥಾರಿಟಿಯಲ್ಲಿ ಜೂನಿಯರ್ ಎಕ್ಸಿಕ್ಯೂಟಿವ್ ಅಂತ ಹುದ್ದೆ, ಮೂರು ವರ್ಷದ ರೆಗ್ಯುಲರ್ ಬಿಎಸ್ಸಿಯಲ್ಲಿ ಫಿಸಿಕ್ಸ್ ಮ್ಯಾಥ್ಸ್ ಇದ್ರೆ ಸಾಕು, ಎಂಜಿನಿಯರಿಂಗೇ ಬೇಕು ಅಂತಿಲ್ಲ. ಸಂಬಳದ ಶ್ರೇಣಿ 40,000ದಿಂದ 1,40,000. ವಯಸ್ಸು 27 ದಾಟಿರಬಾರದು, ಮೀಸಲಾತಿ ಇರೋರಿಗೆ ಸಡಿಲಿಕೆ ಇದೆ. ಕಂಪ್ಯೂಟರ್ ಪರೀಕ್ಷೆ ಆದ್ಮೇಲೆ ವಾಯ್ಸ್ ಟೆಸ್ಟ್ ಇರುತ್ತೆ, ಪೈಲಟ್ ಜೊತೆ ರೇಡಿಯೋದಲ್ಲಿ ಮಾತಾಡೋ ಕೆಲ್ಸ ಅಲ್ವಾ, ಮಾತು ಸ್ಪಷ್ಟ ಇರ್ಬೇಕು, ಇಂಗ್ಲಿಷು ತಡವರಿಸಬಾರದು. ಕನ್ನಡ ಮೀಡಿಯಂ ಹುಡುಗ್ರು ಇಲ್ಲಿ ಹೆದರ್ಕೊಂಡು ಅರ್ಜೀನೇ ಹಾಕಲ್ಲ. ಅಲ್ಲಿ ಬೇಕಿರೋದು ಸ್ಟೈಲಿನ ಇಂಗ್ಲಿಷ್ ಅಲ್ಲ, ಪಿಯುಸಿ ಮಟ್ಟದ ಇಂಗ್ಲಿಷನ್ನ ತಪ್ಪಿಲ್ದಂಗೆ ಬಿಡಿಬಿಡಿಯಾಗಿ ಮಾತಾಡೋದು, ದಿನಾ ಅರ್ಧ ಗಂಟೆ ಜೋರಾಗಿ ಓದಿದ್ರೆ ಆರು ತಿಂಗಳಲ್ಲಿ ಬರುತ್ತೆ.

ಹವಾಮಾನ ಇಲಾಖೆಯ ಸೈಂಟಿಫಿಕ್ ಅಸಿಸ್ಟೆಂಟ್ ಇನ್ನೊಂದು. 2022ರಲ್ಲಿ ಕೇಂದ್ರದ ಸ್ಟಾಫ್ ಸೆಲೆಕ್ಷನ್ ಕಮಿಷನ್ (ಎಸ್‌ಎಸ್‌ಸಿ) 990 ಹುದ್ದೆ ಕರೆದಿತ್ತು, ಫಿಸಿಕ್ಸ್ ಇರೋ ಬಿಎಸ್ಸಿ ಫಸ್ಟ್ ಕ್ಲಾಸಲ್ಲಿ ಆಗಿರ್ಬೇಕಿತ್ತು. ಕೈಗಾ ಥರದ ಅಣುವಿದ್ಯುತ್ ಸ್ಥಾವರಗಳಲ್ಲಿ ಸ್ಟೈಪೆಂಡಿಯರಿ ಟ್ರೈನಿ ಅಂತ ತಗೋತಾರೆ, ಅದಕ್ಕೂ ಪಿಸಿಎಂ ಥರದ ಬಿಎಸ್ಸಿ 60 ಪರ್ಸೆಂಟ್, ಆದ್ರೆ ವಯಸ್ಸು 25ರ ಒಳಗೆ, ಅದಕ್ಕೇ ಮೂರು ವರ್ಷ ಬೇರೆ ಕೋಚಿಂಗಲ್ಲಿ ಕಳೆದು ಆಮೇಲೆ ನೋಡೋಣ ಅಂದ್ರೆ ತಪ್ಪೋಗುತ್ತೆ. ಟ್ರೈನಿಂಗಲ್ಲಿ ಸ್ಟೈಪೆಂಡ್ ಕೊಡ್ತಾರೆ, ಮುಗಿಸಿದ್ಮೇಲೆ ಸೈಂಟಿಫಿಕ್ ಅಸಿಸ್ಟೆಂಟ್ ಹುದ್ದೆ.

ಇಸ್ರೋ ಬಗ್ಗೆ ಹೇಳ್ದೆ ಹೋದ್ರೆ ಹಾಸನದವನಾಗಿ ತಪ್ಪಾಗುತ್ತೆ. ಸಾಲಗಾಮೆ ರಸ್ತೇಲಿ ದೊಡ್ಡ ದೊಡ್ಡ ಡಿಶ್ ಆಂಟೆನಾ ಕಾಣ್ತಾವಲ್ಲ, ಅದು ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, 1982ರಿಂದ ಇದೆ, ಇನ್ಸಾಟ್ ಜಿಸ್ಯಾಟ್ ಉಪಗ್ರಹಗಳನ್ನ 36,000 ಕಿಲೋಮೀಟರ್ ಮೇಲೆ ಅವುಗಳ ಜಾಗದಲ್ಲಿ ಹಿಡಿದಿಡೋ ಕೆಲ್ಸ ಇಲ್ಲಿಂದಾನೇ ನಡೆಯೋದು, 2005ರಲ್ಲಿ ಭೋಪಾಲಲ್ಲೂ ಇನ್ನೊಂದು ಶುರು ಮಾಡಿದ್ರು. ದಿನಾ ಅದ್ರ ಮುಂದೇನೇ ಬಸ್ಸಲ್ಲಿ ಓಡಾಡಿರೋ ಹುಡುಗ್ರಿಗೂ, ಇಸ್ರೋದಲ್ಲಿ ಬಿಎಸ್ಸಿಯವರಿಗೂ ಹುದ್ದೆ ಇದೆ ಅಂತ ಗೊತ್ತಿರಲ್ಲ. ಸೈಂಟಿಸ್ಟ್ ಎಂಜಿನಿಯರ್ ಹುದ್ದೆಗೆ ಬಿಇನೋ ಎಂಎಸ್ಸಿನೋ ಬೇಕು, ನಿಜ. ಆದ್ರೆ ಸೈಂಟಿಫಿಕ್ ಅಸಿಸ್ಟೆಂಟಿಗೆ ಸಂಬಂಧಪಟ್ಟ ವಿಷಯದಲ್ಲಿ ಫಸ್ಟ್ ಕ್ಲಾಸ್ ಬಿಎಸ್ಸಿ ಸಾಕು, ಮೂಲ ವೇತನ 44,900. ಹುದ್ದೆ ಸಂಖ್ಯೆ ಕೈಬೆರಳೆಣಿಕೆ ಅಷ್ಟು, ಯಾವ ಸೆಂಟರ್ ಯಾವಾಗ ಕರೆಯುತ್ತೋ ಗೊತ್ತಾಗಲ್ಲ, ಹಂಗಾಗಿ ಇದನ್ನೇ ನಂಬ್ಕೊಂಡು ಕೂರೋ ಹಂಗಿಲ್ಲ, ವೆಬ್‌ಸೈಟ್ ಮೇಲೆ ಒಂದು ಕಣ್ಣಿಟ್ಟಿರಿ ಅಷ್ಟೇ.

ಸಿಬಿಝಡ್‌ನವರು ಇಷ್ಟೊತ್ತಿಗೆ ನಮಗೇನಿಲ್ವಾ ಅಂತಿರ್ತೀರ. ಫುಡ್ ಸೇಫ್ಟಿ ಆಫೀಸರ್ ಹುದ್ದೆ ಇದೆ, ಬಯೋಟೆಕ್ನಾಲಜಿ, ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಡಿಗ್ರಿ ಇದ್ರೆ ಆಗುತ್ತೆ. ಇಲ್ಲೊಂದು ವಿಚಿತ್ರ, ಕೆಮಿಸ್ಟ್ರಿ ಆದ್ರೆ ಮಾತ್ರ ಮಾಸ್ಟರ್ಸ್ ಬೇಕು, ಬರೀ ಬಿಎಸ್ಸಿ ಸಾಲಲ್ಲ. ಇಂಡಿಯನ್ ಫಾರೆಸ್ಟ್ ಸರ್ವಿಸಿಗೆ ಬಾಟನಿ, ಝುವಾಲಜಿ, ಕೆಮಿಸ್ಟ್ರಿ, ಫಿಸಿಕ್ಸ್, ಮ್ಯಾಥ್ಸ್, ಸ್ಟ್ಯಾಟಿಸ್ಟಿಕ್ಸ್, ಜಿಯಾಲಜಿ ಇವುಗಳಲ್ಲಿ ಒಂದಾದ್ರೂ ಓದಿರ್ಲೇಬೇಕು, ಪ್ರಿಲಿಮ್ಸ್ ಐಎಎಸ್ ಪರೀಕ್ಷೆದೇ, ಮೇನ್ಸ್ ಬೇರೆ, ವಯಸ್ಸು 21ರಿಂದ 32. ಕಾಡಂಚಲ್ಲಿ ಹುಟ್ಟಿ ಆನೆ ಕಾಟ ಅನುಭವಿಸಿ ಬೆಳೆದ ಸಕಲೇಶಪುರ, ಆಲೂರಿನ ಹುಡುಗ್ರಿಗಿಂತ ಆ ಕೆಲ್ಸದ ಕಷ್ಟ ಯಾರಿಗೆ ಚೆನ್ನಾಗಿ ಗೊತ್ತು ಹೇಳಿ. ಒಂದು ಗೊಂದಲ ಮಾತ್ರ ಮೊದ್ಲೇ ಬಗೆಹರಿಸ್ಕೊಳ್ಳಿ, ಕೃಷಿ ಅಧಿಕಾರಿ ಹುದ್ದೆಗೆ ಬೇಕಿರೋದು ಬಿಎಸ್ಸಿ ಅಗ್ರಿ, ಕಾರೇಕೆರೆ ಕೃಷಿ ಕಾಲೇಜಲ್ಲಿ ಓದ್ತಾರಲ್ಲ ಅದು. ಬಾಟನಿ ಓದಿರೋ ನಮ್ಮ ಬಿಎಸ್ಸಿ ಅಲ್ಲಿ ನಡೆಯಲ್ಲ.

ಕಾಫಿ ಸೀಮೆಯವರಿಗೆ ಅಂತಾನೇ ಇರೋ ಹಂಗೆ ಒಂದು ಕೋರ್ಸ್ ಇದೆ, ಅದ್ರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಕಾಫಿ ಬೋರ್ಡ್ ನಡೆಸೋ ಕಾಫಿ ಕ್ವಾಲಿಟಿ ಮ್ಯಾನೇಜ್‌ಮೆಂಟ್ ಪಿಜಿ ಡಿಪ್ಲೊಮಾ, ಒಂದು ವರ್ಷ. ಬಾಟನಿ, ಝುವಾಲಜಿ, ಕೆಮಿಸ್ಟ್ರಿ, ಬಯೋಟೆಕ್ನಾಲಜಿ, ಫುಡ್ ಸೈನ್ಸ್ ಈ ಥರದ ಡಿಗ್ರಿಯವರಿಗೆ. ವರ್ಷವನ್ನ ಮೂರು ಭಾಗ ಮಾಡಿ, ಮೊದಲನೇ ಭಾಗ ಬಾಳೆಹೊನ್ನೂರಿನ ಕೇಂದ್ರ ಕಾಫಿ ಸಂಶೋಧನಾ ಸಂಸ್ಥೆಯಲ್ಲಿ, ಉಳಿದದ್ದು ಬೆಂಗಳೂರಲ್ಲಿ. ಬಾಳೆಹೊನ್ನೂರಿನ ಸಂಸ್ಥೆ 1925ರಿಂದ ಇದೆ, ನಮ್ಮ ತೋಟಗಳಲ್ಲಿ ಕಾಣೋ ಎಸ್.795 ತಳಿ ಅಲ್ಲಿಂದ ಬಂದಿದ್ದು. ಗಿಡದ ಬೇರಿನಿಂದ ಶುರು ಮಾಡಿ ಬೀಜ ಒಣಗಿಸೋದು, ಗ್ರೇಡಿಂಗ್, ರೋಸ್ಟಿಂಗ್, ಕೊನೆಗೆ ಕಪ್ಪಿಗೆ ಹಾಕಿ ರುಚಿ ನೋಡಿ ಮಾರ್ಕ್ಸ್ ಕೊಡೋವರೆಗೂ ಕಲಿಸ್ತಾರೆ. ಸೇರಿಸ್ಕೊಳ್ಳುವಾಗ್ಲೇ ನಾಲಿಗೆ ಮೂಗು ಎಷ್ಟು ಚುರುಕು ಅಂತ ಒಂದು ಪರೀಕ್ಷೆ ಇರುತ್ತೆ.

ಇದ್ರಲ್ಲಿ ಕೆಮಿಸ್ಟ್ರಿ ಎಲ್ಲಿ ಬಂತು ಅಂತ ಕೇಳ್ಬಹುದು. ಹಸಿ ಕಾಫಿ ಬೀಜಕ್ಕೆ ನಾವು ಕುಡಿಯೋ ಘಮ ಇರಲ್ಲ. ಹುರಿಯುವಾಗ ಬೀಜದೊಳಗಿನ ಸಕ್ಕರೆ ಮತ್ತು ಅಮೈನೋ ಆಸಿಡ್ ಸೇರಿ ಮೈಲಾರ್ಡ್ ರಿಯಾಕ್ಷನ್ ನಡೆಯುತ್ತೆ, ಬಣ್ಣಾನೂ ಪರಿಮಳಾನೂ ಬರೋದು ಅಲ್ಲಿಂದ, ಕ್ಲೋರೋಜೆನಿಕ್ ಆಸಿಡ್ ಒಡೆದು ಕಹಿ ಬರುತ್ತೆ. ಅರ್ಧ ನಿಮಿಷ ಹೆಚ್ಚುಕಮ್ಮಿ ಆದ್ರೆ ಕಪ್ ಬೇರೆ. ಬಿಎಸ್ಸಿಯಲ್ಲಿ ಪರೀಕ್ಷೆಗೆ ಅಂತ ಬರೆದ ರಿಯಾಕ್ಷನ್ನು ಇಲ್ಲಿ ಹೊಟ್ಟೆಪಾಡಿನ ವಿಷ್ಯ. ತಲೆತಲಾಂತರದಿಂದ ಕಾಫಿ ಬೆಳೆದು ಚೀಲಗಟ್ಟಲೆ ವ್ಯಾಪಾರಿಗೆ ಸುರಿದು ಬರೋ ನಮ್ಮ ಜಿಲ್ಲೇಲಿ, ತಾನು ಬೆಳೆದ ಕಾಫಿ ರುಚಿಗೆ ಎಷ್ಟು ಮಾರ್ಕ್ಸ್ ಅಂತ ಹೇಳಬಲ್ಲ ಮಕ್ಕಳು ಎಷ್ಟು ಮನೇಲಿದ್ದಾರೆ? ತೋಟ ಇರೋರ ಮಕ್ಕಳಿಗೆ ಮಾತ್ರ ಅಲ್ಲ, ತೋಟದಲ್ಲಿ ಕೆಲ್ಸ ಮಾಡೋರ ಮಕ್ಕಳಿಗೂ ಇದು ಆಗೋ ಕೋರ್ಸು, ರೋಸ್ಟರ್‌ಗಳು, ಎಕ್ಸ್‌ಪೋರ್ಟರ್‌ಗಳು, ಕ್ಯೂರಿಂಗ್ ವರ್ಕ್ಸ್‌ಗಳು, ಕೆಫೆ ಕಂಪನಿಗಳು ಎಲ್ಲಾ ಕಡೆ ಕಪ್ ಟೇಸ್ಟರ್ ಬೇಕು. ಫೀಸ್ ಮಾತ್ರ ನಮ್ಮ ಎಂಎಸ್ಸಿ ಫೀಸಿನ ಥರ ಕಮ್ಮಿ ಅಲ್ಲ, ವಿಚಾರಿಸ್ಕೊಂಡು ಹೋಗಿ.

ಕಂಪನಿ ಕೆಲ್ಸದ ವಿಷ್ಯಕ್ಕೆ ಬಂದ್ರೆ ಕೆಮಿಸ್ಟ್ರಿಯವರಿಗೆ ಫಾರ್ಮಾ. ನಂಜನಗೂಡು, ಜಿಗಣಿ, ಬೊಮ್ಮಸಂದ್ರ ಕಡೆ ಕ್ಯೂಸಿ ಅಂತಾರೆ, ಕ್ವಾಲಿಟಿ ಕಂಟ್ರೋಲ್. ತಯಾರಾದ ಮಾತ್ರೆಯಲ್ಲಿ ಔಷಧಿ ಎಷ್ಟು ಇರಬೇಕೋ ಅಷ್ಟೇ ಇದೆಯಾ, ಬೇಡದ್ದೇನಾದ್ರೂ ಸೇರಿದೆಯಾ ಅಂತ ಎಚ್‌ಪಿಎಲ್‌ಸಿ ಅನ್ನೋ ಮೆಷಿನ್ನಲ್ಲಿ ನೋಡೋದು ಮುಖ್ಯ ಕೆಲ್ಸ. ನಮ್ಮ ಎಷ್ಟೋ ಕಾಲೇಜಲ್ಲಿ ಆ ಮೆಷಿನ್ನೇ ಇರಲ್ಲ, ಇಂಟರ್ವ್ಯೂನಲ್ಲಿ ಅದನ್ನೇ ಕೇಳ್ತಾರೆ, ಹುಡುಗ ಬಾಯಿ ಬಿಡ್ತಾನೆ. ಮೆಷಿನ್ ಮುಟ್ಟಿರದಿದ್ರೂ ಪರವಾಗಿಲ್ಲ, ಕಾಲಂ ಅಂದ್ರೇನು, ಮೊಬೈಲ್ ಫೇಸ್ ಅಂದ್ರೇನು, ರಿಟೆನ್ಷನ್ ಟೈಮ್ ಯಾಕೆ ಬದಲಾಗುತ್ತೆ, ಇಷ್ಟು ಗೊತ್ತಿದ್ರೆ ಫ್ರೆಷರ್ ಅಂತ ತಗೋತಾರೆ. ಶುರುವಿನ ಸಂಬಳ ಕಮ್ಮಿ, ಶಿಫ್ಟ್ ಇರುತ್ತೆ, ರೂಮ್ ಬಾಡಿಗೆ ಊಟ ಕಳೆದ್ರೆ ಮನೆಗೆ ಕಳಿಸೋಕೆ ಏನೂ ಉಳಿಯಲ್ಲ, ಇದನ್ನ ಮುಚ್ಚಿಡೋದ್ರಲ್ಲಿ ಅರ್ಥ ಇಲ್ಲ. ಎರಡು ವರ್ಷ ಮೆಷಿನ್ ಮೇಲೆ ಕೈ ಪಳಗಿದ್ಮೇಲೆ ಕಂಪನಿ ಬದಲಾಯಿಸಿದ್ರೆ ಸಂಬಳ ಮೇಲೆ ಹೋಗುತ್ತೆ. ಮೊದಲನೇ ಆರು ತಿಂಗಳಲ್ಲೇ ಸಾಕಾಗಿ ವಾಪಸ್ ಊರಿಗೆ ಬಂದುಬಿಡೋರು ಜಾಸ್ತಿ.

ಲೈಫ್ ಸೈನ್ಸ್‌ನವರಿಗೆ ಮೆಡಿಕಲ್ ಕೋಡಿಂಗ್ ಅಂತ ಎಲ್ಲಾ ಕಡೆ ಜಾಹೀರಾತು ನೋಡಿರ್ತೀರ. ಇದು ಸಾಫ್ಟ್‌ವೇರ್ ಕೋಡಿಂಗ್ ಅಲ್ಲ, ಅಮೆರಿಕದ ಆಸ್ಪತ್ರೆಗಳಲ್ಲಿ ರೋಗಿಗೆ ಏನು ಕಾಯಿಲೆ, ಏನು ಚಿಕಿತ್ಸೆ ಕೊಟ್ರು ಅನ್ನೋದನ್ನ ಇನ್ಶೂರೆನ್ಸಿಗೋಸ್ಕರ ಕೋಡ್ ನಂಬರಿಗೆ ಬದಲಾಯಿಸೋದು. ಅನಾಟಮಿ ಗೊತ್ತಿರ್ಬೇಕು, ಅದಕ್ಕೆ ಬಿಎಸ್ಸಿಯವರನ್ನ ತಗೋತಾರೆ, ಸಿಪಿಸಿ ಅನ್ನೋ ಸರ್ಟಿಫಿಕೇಟ್ ಇದ್ರೆ ಬೆಲೆ ಜಾಸ್ತಿ. ಕೆಲ್ಸ ನಿಜ, ಆದ್ರೆ ಕೋರ್ಸ್ ಹೆಸರಲ್ಲಿ ದೊಡ್ಡ ಮೊತ್ತ ಕಟ್ಟಿಸ್ಕೊಂಡು ನೂರಕ್ಕೆ ನೂರು ಪ್ಲೇಸ್‌ಮೆಂಟ್ ಅನ್ನೋರನ್ನ ನಂಬ್ಬೇಡಿ, ಹೋದ ಬ್ಯಾಚಿನ ನಾಲ್ಕು ಜನರ ಹತ್ರ ನೇರವಾಗಿ ಮಾತಾಡಿಸಿ ಅಂತ ಕೇಳಿ, ಆಗ ಅವ್ರ ಮುಖ ನೋಡಿ.

ಐಟಿ ಕಡೆ ಹೋಗೋರಿಗೆ ಎಂಸಿಎ ಈಗ ಎರಡೇ ವರ್ಷ, ಕೆಇಎ ನಡೆಸೋ ಪಿಜಿಸಿಇಟಿ ಬರೀಬೇಕು, ಪಿಯುಸಿಯಲ್ಲೋ ಡಿಗ್ರಿಯಲ್ಲೋ ಮ್ಯಾಥ್ಸ್ ಇರ್ಬೇಕು. ವಿಪ್ರೋದವರ ವಿಲ್ಪ್ ಅನ್ನೋ ಪ್ರೋಗ್ರಾಂ ಬಿಎಸ್ಸಿ ಬಿಸಿಎಯವರಿಗೆ ಅಂತಾನೇ ಇದೆ, ಕೆಲ್ಸ ಮಾಡ್ತಾ ಕಂಪನಿ ಖರ್ಚಲ್ಲೇ ಎಂಟೆಕ್ ಓದಿಸ್ತಾರೆ, ಬದಲಿಗೆ ಕೆಲವು ವರ್ಷ ಅಲ್ಲೇ ಇರ್ತೀನಿ ಅಂತ ಅಗ್ರಿಮೆಂಟ್. ಟಿಸಿಎಸ್ ಕೂಡಾ ಬಿಎಸ್ಸಿಯವರನ್ನ ಬೇರೆಯಾಗಿ ತಗೋತಾರೆ. ಇವೆಲ್ಲ ಪಾಸಾದ ವರ್ಷದವರಿಗೇ ಹೆಚ್ಚು, ಎರಡು ವರ್ಷ ಗ್ಯಾಪ್ ಬಿದ್ರೆ ಕಷ್ಟ. ಎಂಬಿಎ, ಮೂರು ವರ್ಷದ ಎಲ್‌ಎಲ್‌ಬಿ, ಬ್ಯಾಂಕ್ ಪರೀಕ್ಷೆ ಇವು ಯಾವ ಡಿಗ್ರಿಯವರಿಗೂ ಇರೋದ್ರಿಂದ ಇಲ್ಲಿ ಬಿಡಿಸಿ ಹೇಳಕ್ಕೆ ಹೋಗಲ್ಲ, ಪಿಒ ಪರೀಕ್ಷೆಗೆ ವಯಸ್ಸು 30 ಅನ್ನೋದು ನೆನಪಿರ್ಲಿ.

ಗ್ಯಾಪ್ ವರ್ಷದ ಖರ್ಚಿಗೆ ಯುವನಿಧಿ ಇದೆ. 2022-23 ಮತ್ತು ಆಮೇಲೆ ಪಾಸಾದ ಡಿಗ್ರಿಯವರಿಗೆ ತಿಂಗಳಿಗೆ 3,000, ಎರಡು ವರ್ಷದವರೆಗೆ. ಪಾಸಾಗಿ 180 ದಿನ ಕೆಲ್ಸ ಇಲ್ದೆ ಇರ್ಬೇಕು, ಸೇವಾಸಿಂಧುವಲ್ಲಿ ಅರ್ಜಿ ಹಾಕ್ಬೇಕು, ಕೆಲ್ಸ ಇನ್ನೂ ಸಿಕ್ಕಿಲ್ಲ ಅಂತ ಸ್ವಯಂಘೋಷಣೆ ಕೊಡ್ತಾ ಇರ್ಬೇಕು, ಅದನ್ನ ಮರೆತ್ರೆ ದುಡ್ಡು ನಿಲ್ಲುತ್ತೆ. ಎಂಎಸ್ಸಿಗೋ ಬಿಎಡ್‌ಗೋ ಸೇರಿದ್ರೆ ಸಿಗಲ್ಲ, ಅಪ್ರೆಂಟಿಸ್ ಆಗಿದ್ರೂ ಸಿಗಲ್ಲ. ನನ್ನ ಕೇಳಿದ್ರೆ ಮನೇಲಿ ಕೂತು 3,000 ತಗೊಳ್ಳೋದಕ್ಕಿಂತ ಕೇಂದ್ರ ಸರ್ಕಾರದ ಅಪ್ರೆಂಟಿಸ್ ಯೋಜನೆ ನ್ಯಾಟ್ಸ್‌ನ ಪೋರ್ಟಲ್ಲಲ್ಲಿ ಹೆಸರು ನೋಂದಾಯಿಸಿ ಒಂದು ವರ್ಷ ಅಪ್ರೆಂಟಿಸ್ ಆಗೋದು ಮೇಲು, ಸ್ಟೈಪೆಂಡೂ ಅದಕ್ಕಿಂತ ಜಾಸ್ತಿ ಸಿಗುತ್ತೆ, ಅನುಭವದ ಸರ್ಟಿಫಿಕೇಟೂ ಸಿಗುತ್ತೆ.

ಕಾಗದಪತ್ರದ ಬಗ್ಗೆ ಒಂದು ಎಚ್ಚರಿಕೆ. ಬಿಎಡ್‌ಗೋ ಎಂಎಸ್ಸಿಗೋ ಸೇರುವಾಗ ಒರಿಜಿನಲ್ ಮಾರ್ಕ್ಸ್‌ಕಾರ್ಡ್ ಎಲ್ಲ ತೆಗೆದು ಇಟ್ಕೊಂಡು, ಮಧ್ಯದಲ್ಲಿ ಬೇರೆ ಕಡೆ ಸೀಟು ಸಿಕ್ರೆ ಪೂರ್ತಿ ಫೀಸ್ ಕಟ್ಟು ಆಮೇಲೆ ಕೊಡ್ತೀವಿ ಅನ್ನೋ ಕಾಲೇಜುಗಳಿವೆ. ಒರಿಜಿನಲ್ ನೋಡಿ ವಾಪಸ್ ಕೊಡ್ಬೇಕು, ಇಟ್ಕೊಳ್ಳೋ ಹಂಗಿಲ್ಲ ಅಂತ ಯುಜಿಸಿ 2018ರಲ್ಲೇ ಆದೇಶ ಮಾಡಿದೆ. ಆ ಆದೇಶದ ಒಂದು ಪ್ರಿಂಟ್ ತಗೊಂಡು ಅಡ್ಮಿಷನ್ ಫೈಲ್ ಜೊತೆಗೇ ಇಟ್ಕೊಂಡು ಹೋಗಿ. ಜಾತಿ ಆದಾಯ ಪ್ರಮಾಣಪತ್ರದ ಅವಧಿ ಮುಗಿದಿದ್ಯಾ ಅಂತಾನೂ ಈಗ್ಲೇ ನೋಡ್ಕೊಳ್ಳಿ, ಕೌನ್ಸೆಲಿಂಗ್ ವಾರದಲ್ಲಿ ನಾಡಕಚೇರಿ ಮುಂದೆ ಕ್ಯೂ ನಿಲ್ಲೋದು ಯಾರಿಗೂ ಬೇಡ.